ಕಚ್ಚಾ ಹೊಲಿಗೆ ಹಾಕಿದ ಪುಟ

ಮಾರ್ಚ್ 3, ಮಂಗಳವಾರ

ಅಳತೆ ಬರೆದುಕೊಳ್ಳುವ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮುಂದಿನಿಂದ ತೆರೆದರೆ ಗಿರಾಕಿಗಳ ಸೊಂಟ, ಹಿಂದಿನಿಂದ ತೆರೆದರೆ ನನ್ನ ಸಂಕಟ. ಸೊಂಟದ ಅಳತೆಯನ್ನು ಯಾರೂ ಕದ್ದು ಓದುವುದಿಲ್ಲ ಎಂಬ ಧೈರ್ಯ.

ನಿನ್ನೆ ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ತಂದೆವು. ಲಕ್ವ ಹೊಡೆದು ಹನ್ನೊಂದು ದಿನ. ಬಲಭಾಗ ಪೂರ್ತಿ ಬಿದ್ದುಹೋಗಿದೆ, ಮಾತು ನಿಂತಿದೆ. ಕಣ್ಣು, ಕಿವಿ, ಬುದ್ಧಿ ಮೂರೂ ಚುರುಕಾಗಿಯೇ ಇವೆ ಎಂದು ಡಾಕ್ಟರು ಹೇಳಿದರು. ಇನ್ನೊಮ್ಮೆ ಹೊಡೆಯಬಹುದು, ನಾಳೆಯೇ ಆದರೂ ಆಯಿತು, ಎರಡು ವರ್ಷಕ್ಕಾದರೂ ಆಯಿತು ಎಂದೂ ಅವರೇ ಹೇಳಿದರು. ಹೀಗೆ ಹೇಳಿದ ಮೇಲೆ ಮನೆಯವರು ಹೇಗೆ ಕೂರಬೇಕು, ಹೇಗೆ ಏಳಬೇಕು ಎಂದು ಮಾತ್ರ ಹೇಳಲಿಲ್ಲ.

ಮುಂದಿನ ಕೋಣೆಯಲ್ಲಿ ಕಬ್ಬಿಣದ ಮಂಚ ಹಾಕಿದ್ದೇವೆ. ನರ್ಸು ಅವರ ಎಡಗೈಗೆ ಒಂದು ಸ್ಟೀಲ್ ಚಮಚ ಕೊಟ್ಟು ಹೇಳಿಕೊಟ್ಟಳು. ಮಂಚದ ಕಂಬಿಗೆ ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಅಲ್ಲ, ಬಡಿಯುತ್ತಲೇ ಇದ್ದರೆ ಬಾ ಅಂತ. ನಲವತ್ತು ವರ್ಷ ಇದೇ ಕೋಣೆಯಲ್ಲಿ ಪ್ರತಿ ಶನಿವಾರ ಬೀದಿಯ ಮಕ್ಕಳಿಗೆಲ್ಲ ಧರ್ಮೋಪದೇಶ ಕಲಿಸಿದವರು ಅವರು. ಬೀದಿಗೆಲ್ಲ ಟೀಚರಮ್ಮ. ಅವರಿಗೀಗ ಎರಡೇ ಮಾತು.

ದೊಡ್ಡ ಮಗಳು ಮೇ ತಿಂಗಳಲ್ಲಿ ಚರ್ಚಿನ ಪೂಜೆಯಲ್ಲಿ ಮೊದಲ ಸಲ ಪರಮಪ್ರಸಾದದ ರೊಟ್ಟಿ ಸ್ವೀಕರಿಸಬೇಕು. ಒಂಬತ್ತು ವರ್ಷ. ವಾದ ಮಾಡದೆ ಹಲ್ಲೂ ಉಜ್ಜುವುದಿಲ್ಲ, ಅದಕ್ಕೇ ಮನೆಯಲ್ಲಿ ಲಾಯರು ಅನ್ನುತ್ತೇವೆ. ಉಳಿದ ಮಕ್ಕಳು ಈಗ ಪಾಠಕ್ಕೆ ಚರ್ಚಿನ ಹಾಲಿಗೆ ಹೋಗುತ್ತಾರೆ. ಅತ್ತೆಯನ್ನು ಬಿಟ್ಟು ಇವಳನ್ನು ಅಲ್ಲಿಗೆ ಕರೆದೊಯ್ಯುವುದು ನನ್ನಿಂದಾಗದು. ಫಾದರಿಗೆ ಫೋನು ಮಾಡಿದರೆ, "ನೀವೇ ಮನೇಲಿ ಕಲಿಸಿಬಿಡಿ, ಏಪ್ರಿಲ್‌ನಲ್ಲಿ ನಾನೇ ಬಂದು ಪ್ರಶ್ನೆ ಕೇಳ್ತೀನಿ" ಎಂದರು.

ನಾನಂತೆ! ಮದುವೆಗೆ ಮುಂಚೆ ಜ್ಞಾನಸ್ನಾನ ಪಡೆದು ಈ ಧರ್ಮಕ್ಕೆ ಬಂದವಳು ನಾನು. ಕಲಿಸಿದವರೂ ಅತ್ತೆ, ಪರೀಕ್ಷೆ ಮಾಡಿದವರೂ ಅತ್ತೆ. ಪೆನ್ಸಿಲಿನಿಂದ ಮೇಜನ್ನು ಎರಡು ಸಲ ಕುಟ್ಟಿ "ತಪ್ಪು, ಮುಂದಿನ ವಾರ ಬಾ" ಎಂದು ಎರಡು ಸಲ ಫೇಲು ಮಾಡಿದರು. ಅದೂ ಒಂದೇ ಪ್ರಶ್ನೆಗೆ. ಮದುವೆ ಬಟ್ಟೆ ಹೊಲಿದಾಗಿತ್ತು, ಮದುಮಗಳು ಇನ್ನೂ ಪಾಸಾಗಿರಲಿಲ್ಲ. ಹದಿಮೂರು ವರ್ಷವಾದರೂ ನೆನೆದರೆ ಮೈ ಉರಿಯುತ್ತದೆ.

ಮಾರ್ಚ್ 5, ಗುರುವಾರ

ಮೊದಲ ಪಾಠ. ಜಾಗ ನಡುಮನೆ, ಹೊಲಿಗೆ ಮಿಷನ್ನಿನ ಪಕ್ಕ. ಅತ್ತೆಯ ಕೋಣೆಗೂ ನಮಗೂ ನಡುವೆ ಬರೀ ಪರದೆ. ಪುಸ್ತಕ ಅವರದೇ, ಬಟ್ಟೆಯ ಹೊದಿಕೆ ಹಾಕಿದ ಹಳೆಯ ಧರ್ಮೋಪದೇಶದ ಪ್ರಶ್ನೋತ್ತರ.

ಶಿಲುಬೆಯ ಗುರುತಿನಿಂದ ಶುರು ಮಾಡಿದೆ. ಚಿಕ್ಕವಳೂ ಬಂದು ಕೂತಳು. ಆರು ವರ್ಷ, ಎಲ್ಲಿ ಏನು ಸಿಹಿ ಬಚ್ಚಿಟ್ಟರೂ ಹುಡುಕುತ್ತಾಳೆ, ಹಾಗಾಗಿ ಇರುವೆ. ಅವಳು ಎಡಗೈಯಲ್ಲಿ ಶಿಲುಬೆ ಹಾಕಿದಳು. ಬಲಗೈಯಲ್ಲಿ ಹಾಕು ಎಂದೆ.

"ಅಜ್ಜಿ ಎಡಗೈಲೇ ಹಾಕೋದು" ಎಂದಳು.

"ಅಜ್ಜಿ ಹಾಕಿದ್ರೆ ಸರಿ, ಇವಳು ಹಾಕಿದ್ರೆ ತಪ್ಪಾ?" ಎಂದು ಲಾಯರು ಎದ್ದು ನಿಂತಳು.

ಪರದೆಯಾಚೆಯಿಂದ ಟಣ್ ಟಣ್. ಎರಡು. ತಪ್ಪು ಅಂದದ್ದು ಇರುವೆಗೋ ನನಗೋ ಗೊತ್ತಾಗಲಿಲ್ಲ. ಹಾಸಿಗೆ ಹಿಡಿದರೂ ಪರೀಕ್ಷೆ ಬಿಟ್ಟಿಲ್ಲವಲ್ಲ ಎಂದು ಸಿಟ್ಟು ಬಂತು. ಪುಸ್ತಕ ಮುಚ್ಚಿ ಒಂದು ಜಿಪ್ಪು ಬಿಚ್ಚಲು ಕೂತೆ, ಅದನ್ನೂ ಅರ್ಧಕ್ಕೆ ಬಿಟ್ಟು ಎದ್ದೆ. ದಿನವಿಡೀ ಇದೇ ಆಯಿತು. ಕುಂತರೆ ಏಳಬೇಕು, ಎದ್ದರೆ ಏನಕ್ಕೆ ಎದ್ದೆ ಎಂಬುದು ಮರೆತಿರುತ್ತದೆ.

ಒಂದು ಉಪಯೋಗವಾಯಿತು. ಇಸ್ತ್ರಿಪೆಟ್ಟಿಗೆ ಕಾಯಲು ಸರಿಯಾಗಿ ಆರು ನಮೋ ಮರಿಯೆ ಜಪ ಬೇಕು. ಗಡಿಯಾರ ನೋಡುವ ಕೆಲಸ ತಪ್ಪಿತು.

ಮಾರ್ಚ್ 8, ಭಾನುವಾರ

ಇವರು ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಮತ್ತೆ ವ್ಯಾನು ಹತ್ತುತ್ತಾರೆ. ಊರೂರಿಗೆ ಬಿಸ್ಕತ್ತಿನ ಪೆಟ್ಟಿಗೆ ತಲುಪಿಸುವ ಕೆಲಸ. ಇರುವ ಎರಡು ದಿನವೂ ಮಂಚದ ಬಳಿ ಕೂತು "ಇನ್ನು ಹದಿನೈದು ದಿನಕ್ಕೆ ಓಡಾಡ್ತೀಯಮ್ಮ" ಎಂದು ಹೇಳುತ್ತಿರುತ್ತಾರೆ. ಅತ್ತೆ ಎರಡು ಸಲ ಕುಟ್ಟುತ್ತಾರೆ. ಇವರು ನಗುತ್ತಾರೆ, ಎದ್ದು ಹಿತ್ತಲಿಗೆ ಹೋಗಿ ಮೂಗು ಒರೆಸಿಕೊಳ್ಳುತ್ತಾರೆ.

ಇವತ್ತು ಪೂಜೆ ಮುಗಿಸಿ ಬಂದು, "ಫಾದರ್ ಎಣ್ಣೆ ವಿಷಯ ತೆಗೆದ್ರು. ಬೇಡ ಅಂದೆ" ಎಂದರು.

ಕಾಹಿಲೆಯವರ ಹಣೆಗೆ, ಅಂಗೈಗಳಿಗೆ ಗುರುಗಳು ಮಂತ್ರಿಸಿದ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಅದು. ಪುಸ್ತಕದಲ್ಲಿ ರೋಗಿಗಳ ಅಭ್ಯಂಗ ಎಂದಿದೆ. ಜನ ಕೊನೆ ಎಣ್ಣೆ ಅನ್ನುತ್ತಾರೆ.

"ಅಪ್ಪನಿಗೆ ಹಚ್ಚುವಾಗ ಮೇಣದಬತ್ತಿ ಹಿಡ್ಕೊಂಡಿದ್ದವನು ನಾನು. ಹತ್ತು ಗಂಟೆಗೆ ಹಚ್ಚಿದ್ರು, ಹನ್ನೊಂದಕ್ಕೆ ಹೋದ್ರು. ಅಮ್ಮನಿಗೆ ಅದು ಬೇಡ. ಮಕ್ಕಳ ಕಿವಿಗೂ ಬೀಳಬಾರದು, ಅವು ಹೋಗಿ ಅವಳ ಮುಂದೆ ಒದರ್ತಾವೆ. ಎದೆ ಒಡ್ಕೊಂಡೇ ಹೋಗಿಬಿಡ್ತಾಳೆ."

ಸರಿ ಎಂದೆ. ನನಗೂ ಬೇಕಾಗಿದ್ದು ಅದೇ. ಬಿಳಿ ಬಟ್ಟೆ, ಮೇಣದಬತ್ತಿ, ಗುರುಗಳು ಎಲ್ಲ ನೋಡಿದರೆ ಮುಗಿಯಿತು ಎಂದು ಅವರಿಗೇ ತಿಳಿದುಬಿಡುತ್ತದೆ. ನಾನು ಅವರೊಂದಿಗೆ ಆಡಬೇಕಾದ ಜಗಳ ಇನ್ನೂ ಬಾಕಿ ಇದೆ.

ಮಾರ್ಚ್ 10, ಮಂಗಳವಾರ

"ಸಂಸ್ಕಾರಗಳು ಎಷ್ಟು?"

"ಏಳು" ಎಂದಳು ಲಾಯರು. ಅಜ್ಜಿಯ ಪಾಠ ಕಿವಿಗೆ ಬಿದ್ದು ಗೊತ್ತು.

ನಾನು ಹೇಳುತ್ತಾ ಹೋದೆ, ಅವಳು ಬೆರಳು ಮಡಿಸುತ್ತಾ ಹೋದಳು. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ಗುರುದೀಕ್ಷೆ, ಮದುವೆ. ಐದನೆಯದನ್ನು, ಆ ಎಣ್ಣೆಯದನ್ನು, ನುಂಗಿ ಒಂದೇ ಉಸಿರಿನಲ್ಲಿ "ಆಯ್ತು, ಕೈ ತೊಳ್ಕೊಳ್ಳಿ, ಊಟ" ಎಂದೆ.

"ಒಂದು ಬೆರಳು ಉಳೀತಲ್ಲಮ್ಮ?"

"ಅದು ನೀನು ದೊಡ್ಡವಳಾದ ಮೇಲೆ."

"ಮದುವೆಗಿಂತ ದೊಡ್ಡವಳಾದ ಮೇಲಾ?"

ಅಷ್ಟರಲ್ಲಿ ಪರದೆಯಾಚೆ ಚಮಚದ ಸದ್ದು. ಬಿಟ್ಟೂ ಬಿಟ್ಟೂ, ಆರೋ ಏಳೋ ಸಲ. ಬಾ ಎಂದು ಅರ್ಥ. ಬೆಡ್‌ಪ್ಯಾನು ಹಿಡಿದು ಓಡಿದೆ. ಎರಡು ಕುಟ್ಟು. ನೀರು? ಎರಡು. ಫ್ಯಾನು? ಎರಡು. ದಿಂಬು? ಎರಡು. ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಏನು ಬೇಕೋ ಏನು ಕಥೆಯೋ. ನನ್ನನ್ನು ಓಡಾಡಿಸುವುದೇ ಬೇಕೇನೋ.

ಮಾರ್ಚ್ 14, ಶನಿವಾರ

ಫಾದರ್ ಬಂದಿದ್ದರು. ಅತ್ತೆಯ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ಬೀಳ್ಕೊಡುವ ನೆಪದಲ್ಲಿ ನಾನು ಅವರನ್ನು ಬಾಗಿಲಾಚೆಗೇ ನಡೆಸಿಕೊಂಡು ಹೋದೆ.

"ಎಣ್ಣೆ ನನ್ನ ಜೇಬಲ್ಲೇ ಇದೆಯಮ್ಮ. ಐದು ನಿಮಿಷದ ಕೆಲಸ."

"ನಮ್ಮನೆಯವರು ಬರಲಿ, ಫಾದರ್." ಇವರು ಬೇಡ ಅಂದಿದ್ದಾರೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಚಪ್ಪಲಿ ನೋಡಿಕೊಂಡು ನಿಂತೆವು.

ಒಳಗೆ ಬಂದರೆ ಲಾಯರು ಪುಸ್ತಕವನ್ನು ಕೊನೆಯಿಂದ ತಿರುವುತ್ತಿದ್ದಳು. ಮದುವೆ, ಗುರುದೀಕ್ಷೆ, ಇನ್ನೆರಡು ಹಾಳೆ ತಿರುವಿದರೆ ಅದೇ ಪುಟ. ಕಸಿದುಕೊಂಡೆ. ಮಕ್ಕಳು ಆಡಲು ಹೋದ ಮೇಲೆ ಸೂಜಿಗೆ ಬಿಳಿ ದಾರ ಪೋಣಿಸಿ ಆ ಪಾಠದ ಎರಡು ಹಾಳೆಗಳನ್ನು ಸುತ್ತಲೂ ಕಚ್ಚಾ ಹೊಲಿಗೆಯಲ್ಲಿ ಕೂಡಿಸಿಬಿಟ್ಟೆ. ಉದ್ದುದ್ದ ಹೊಲಿಗೆ, ಎಳೆದರೆ ಬರುವಂಥದ್ದು. ಹರಿದು ಹಾಕಿದ್ದರೆ ಪಾಪ ಅನ್ನಬಹುದಿತ್ತು, ಇದಕ್ಕೆ ಏನನ್ನುತ್ತಾರೋ ಪುಸ್ತಕದಲ್ಲಿ ಹುಡುಕಿದರೂ ಸಿಗಲಾರದು.

ಮಾರ್ಚ್ 17, ಮಂಗಳವಾರ

ಎರಡು ಸೂಜಿ ಮುರಿದೆ. ಒಬ್ಬರ ಪ್ಯಾಂಟನ್ನು ಇನ್ನೊಬ್ಬರ ಅಳತೆಗೆ ಕತ್ತರಿಸಿದೆ. ಹೊಲಿಯಲು ಬಟ್ಟೆ ಕೊಡುವ ಅಂಗಡಿ ಮಾಲೀಕರು, "ನಾಲ್ಕು ದಿನ ರಜೆ ಹಾಕಮ್ಮ" ಎಂದರು. ರಜೆ ಹಾಕಿ ಎಲ್ಲಿಗೆ ಹೋಗಲಿ? ಮನೆಗಾ?

ಮಾರ್ಚ್ 19, ಗುರುವಾರ

ಅತ್ತೆಯ ಬಲಗೈ ಸದಾ ಮುಷ್ಟಿ. ಒಳಗೆ ಬೆವರು, ಉಗುರು ಅಂಗೈಗೆ ಚುಚ್ಚಿ ಗಾಯ. ದಿನಾ ತೊಳೆಯಬೇಕು. ನಾನು ಒಂದೊಂದೇ ಬೆರಳನ್ನು ಎಳೆದು ಬಿಡಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದರು, ನನಗೂ ಹಟ ಬರುತ್ತಿತ್ತು. ಎಳೆದಷ್ಟೂ ಬಿಗಿ.

ಇವತ್ತು ಬಂದ ಫಿಸಿಯೋ ಹುಡುಗಿ ನೋಡಿ, "ಅಯ್ಯೋ ಎಳೀಬೇಡಿ ಅಕ್ಕಾ. ಮಣಿಕಟ್ಟನ್ನ ಮೆಲ್ಲಗೆ ಒಳಕ್ಕೆ ಬಗ್ಗಿಸಿ, ಬೆರಳು ತಾವೇ ಬಿಡ್ತಾವೆ" ಎಂದಳು. ಬಗ್ಗಿಸಿದೆ. ಹದಿನೇಳು ದಿನ ನನ್ನೊಂದಿಗೆ ಗುದ್ದಾಡಿದ ಮುಷ್ಟಿ ಸದ್ದಿಲ್ಲದೆ ತೆರೆದುಕೊಂಡಿತು. ಅಂಗೈ ಮಗುವಿನದರಂತೆ ಬೆಳ್ಳಗೆ, ಮೆತ್ತಗೆ ಇತ್ತು. ನನ್ನನ್ನು ಫೇಲು ಮಾಡಿದ ಪೆನ್ಸಿಲು ಹಿಡಿದಿದ್ದ ಕೈ.

ಬೆಚ್ಚನೆಯ ನೀರಲ್ಲಿ ತೊಳೆದು, ಒರೆಸಿ, ಉಗುರು ಕತ್ತರಿಸಿದೆ. ಮುಗಿಯುವವರೆಗೆ ನಮೋ ಮರಿಯೆ ಹೇಳುತ್ತಿದ್ದೆ, ಎಷ್ಟು ಎಂದು ಎಣಿಸಲು ಮರೆತೆ. ಅಮ್ಮನಿಗೆ ನಿದ್ದೆ ಬಂದಿತ್ತು.

ಮಾರ್ಚ್ 24, ಮಂಗಳವಾರ

ಪಾಪನಿವೇದನೆಯ ಪಾಠ. ಬೇಕೆಂದು ಮುಚ್ಚಿಟ್ಟ ಪಾಪ ಕ್ಷಮೆಯಾಗುವುದಿಲ್ಲ ಎಂದು ಓದಿಸಿದೆ.

"ಅಪ್ಪ ಅಜ್ಜಿಗೆ ಪ್ರತಿ ವಾರಾನೂ ಹದಿನೈದು ದಿನಕ್ಕೆ ಓಡಾಡ್ತೀಯ ಅಂತಾರೆ. ಅದು ಸುಳ್ಳಾ?" ಎಂದಳು ಲಾಯರು.

"ಅದು ಪ್ರೀತಿ."

"ಪ್ರೀತಿಗೆ ಹೇಳಿದ್ರೆ ಸುಳ್ಳಲ್ವಾ? ಹಾಗಾದ್ರೆ ನಾನೂ..."

"ಬಾಯಿ ಮುಚ್ಚು" ಎಂದೆ. ಮನೆಯಲ್ಲಿ ವಾದ ಗೆಲ್ಲಲು ನನಗೆ ತಿಳಿದ ದಾರಿ ಇದೊಂದೇ.

ಮತ್ತೆ ಸಂಸ್ಕಾರಗಳನ್ನು ಹೇಳಿಸಿದೆ. ಆರಕ್ಕೆ ನಿಂತಳು. ಮತ್ತೆ ಪರದೆಯಾಚೆ ಅದೇ ಬಡಿತ. ಪಾಠ ಮುಗಿಯುವುದನ್ನೇ ಕಾಯುತ್ತಾರೆ. ನಾನು ಏಳುವಾಗ ಇರುವೆ, "ಏಳು. ಅಜ್ಜಿ ಯಾವಾಗ್ಲೂ ಏಳೇ ಕುಟ್ಟೋದು" ಎಂದಳು.

"ಎಣಿಸ್ತಾ ಕೂತ್ಕೋಬೇಡ, ಹೋಗಿ ನೀರು ತಾ" ಎಂದು ಗದರಿದೆ. ನೀರು ಅಲ್ಲ. ದಿಂಬೂ ಅಲ್ಲ. ಎರಡು, ಎರಡು, ಎರಡು. ಕೊನೆಗೆ ಅವರು ಚಮಚವನ್ನೇ ನೆಲಕ್ಕೆ ಬಿಟ್ಟು ಗೋಡೆ ಕಡೆ ಮುಖ ಮಾಡಿದರು. ಎಡಗಣ್ಣಿಂದ ನೀರು ಇಳಿಯಿತು. ನಾನು ಚಮಚ ಎತ್ತಿ ತೊಳೆದು ಕೈಗೆ ಇಟ್ಟೆ. ಹಿಡಿಯಲಿಲ್ಲ.

ಮಾರ್ಚ್ 26, ಗುರುವಾರ

ಚಮಚ ಹಿಡಿಯುತ್ತಿಲ್ಲ. ಗಂಜಿಯೂ ಅರ್ಧಕ್ಕೆ. ಡಾಕ್ಟರಿಗೆ ಫೋನು ಮಾಡಿದೆ, "ನೋಡೋಣ" ಎಂದರು. ನೋಡುವುದಕ್ಕೆ ಇನ್ನೇನು ಉಳಿದಿದೆ?

ಮಾರ್ಚ್ 28, ಶನಿವಾರ

ಇವತ್ತಿನದನ್ನು ಇವತ್ತೇ ಬರೆದುಬಿಡಬೇಕು.

ಹೊಲಿದ ಪ್ಯಾಂಟುಗಳನ್ನು ಕೊಟ್ಟುಬರಲು ಮಧ್ಯಾಹ್ನ ಅಂಗಡಿಗೆ ಹೋದೆ. ಎದುರು ಮನೆಯವರಿಗೆ ಒಂದು ಕಣ್ಣಿಟ್ಟಿರಲು ಹೇಳಿದ್ದೆ. ಅರ್ಧ ಗಂಟೆಯಲ್ಲಿ ಹಿಂತಿರುಗಿದರೆ ಮಂಚದ ಪಕ್ಕ ನನ್ನ ಮಿಷನ್ನಿನ ಸ್ಟೂಲು. ಅದರ ಮೇಲೆ ಬಿಳಿ ಲೈನಿಂಗ್ ಬಟ್ಟೆ, ಗೋಡೆಯ ಶಿಲುಬೆ, ಹಚ್ಚದ ಮೇಣದಬತ್ತಿ, ತಟ್ಟೆಯಲ್ಲಿ ಹತ್ತಿ, ಉದ್ದ ಕೊಕ್ಕಿನ ಮಿಷನ್ ಎಣ್ಣೆಯ ಡಬ್ಬಿ. ಪುಸ್ತಕ ತೆರೆದು ಬಿದ್ದಿದೆ, ನನ್ನ ಬಿಳಿ ದಾರ ಅದರ ಅಂಚಿನಿಂದ ನೇತಾಡುತ್ತಿದೆ. ಅತ್ತೆಯ ಹಣೆಯ ಮೇಲೆ ಎಣ್ಣೆಯ ಶಿಲುಬೆ ಮಿನುಗುತ್ತಿತ್ತು, ಇರುವೆಯ ಹೆಬ್ಬೆರಳೂ ಮಿನುಗುತ್ತಿತ್ತು.

ಏನೇನು ಕಿರುಚಿದೆನೋ. ಇರುವೆಗೆ ಹೊಡೆಯಲು ಕೈಯೆತ್ತಿದೆ.

ಟಣ್ ಟಣ್.

ನಾಲ್ಕು ದಿನ ಮುಟ್ಟದಿದ್ದ ಚಮಚ ಅವರ ಕೈಯಲ್ಲಿತ್ತು. ನನ್ನ ಕೈ ಮೇಲೆಯೇ ನಿಂತಿತು.

"ನಾವು ನಿಜವಾಗಿ ಮಾಡಲಿಲ್ಲಮ್ಮ" ಎಂದಳು ಲಾಯರು. ಪುಸ್ತಕ ಎತ್ತಿಕೊಂಡು ವಾದ ಮುಂದುವರಿಸಿದಳು. "ಫಾದರ್ ಮಾತ್ರ ಕೊಡಬಹುದು ಅಂತ ಪುಸ್ತಕದಲ್ಲಿದೆ. ಮನೆಯವರು ಎಲ್ಲಾ ತಯಾರು ಮಾಡಿ ಇಡಬೇಕಂತೆ. ಅದಷ್ಟೇ ಮಾಡಿದ್ದು. ಎಣ್ಣೆ ಹಚ್ಚಿದ್ದು ಇವಳು, ನಾನು ಬೇಡ ಅಂದೆ. ಮೊದಲೇ ಅಜ್ಜಿನ ಕೇಳಿದ್ವಿ. ಅಜ್ಜಿ, ಉಳಿದಿರೋ ಬೆರಳು ಇದೇನಾ ಅಂದೆ. ಒಂದು ಕುಟ್ಟಿದ್ರು. ನಿಮಗೆ ಬೇಕಾ ಅಂದೆ. ಒಂದು. ಫಾದರನ್ನ ಕರೀಬೇಕಾ ಅಂದೆ. ಒಂದು. ಅಮ್ಮ ಕರೀತಾಳಾ ಅಂದೆ."

"ಏನಂದ್ರು?"

"ಎರಡು."

ಸ್ಟೂಲು ಖಾಲಿ ಇರಲಿಲ್ಲ, ನೆಲದ ಮೇಲೇ ಕೂತೆ. ಏಳು ಸಲ. ನೀರಲ್ಲ, ದಿಂಬಲ್ಲ, ಫ್ಯಾನಲ್ಲ. ಮೂರು ವಾರದಿಂದ ನನ್ನ ಪಾಠ ತಿದ್ದುತ್ತಿದ್ದರು, ನಾನು ಬೆಡ್‌ಪ್ಯಾನು ಹಿಡಿದು ಓಡುತ್ತಿದ್ದೆ.

"ಅತ್ತೆ, ಹೆದರಿಕೆ ಆಗಲ್ವಾ? ಅದು ಕೊನೇದಲ್ವಾ?" ಎಂದೆ.

ಎರಡು ಸಲ ಕುಟ್ಟಿದರು. ಮಂಚ ಅದುರುವಷ್ಟು ಜೋರಾಗಿ. ಆ ಸದ್ದು ನನಗೆ ಗೊತ್ತು. ಹದಿಮೂರು ವರ್ಷದ ಹಿಂದೆ ಇದೇ ಕೋಣೆಯ ಮೇಜಿನ ಮೇಲೆ ಬಿದ್ದ ಪೆನ್ಸಿಲಿನ ಸದ್ದು. ಐದನೆಯ ಸಂಸ್ಕಾರ ಯಾರಿಗೆ ಎಂದು ಕೇಳಿದ್ದರು. ಸಾಯೋರಿಗೆ ಎಂದಿದ್ದೆ. ತಪ್ಪು, ಮುಂದಿನ ವಾರ ಬಾ. ಮುಂದಿನ ವಾರವೂ ಬಾಯಿ ತಪ್ಪಿ ಅದನ್ನೇ ಹೇಳಿದ್ದೆ. "ಕಾಹಿಲೆಯವರಿಗೆ ಕಣೇ ಹುಡುಗಿ, ಬದುಕಿರೋರಿಗೆ. ಒಬ್ಬರೇ ಮಲಗಿಲ್ಲ ಅಂತ ಗೊತ್ತಾಗೋದಕ್ಕೆ" ಎಂದಿದ್ದರು. ಮೂರನೇ ವಾರ ಗಿಣಿಯಂತೆ ಒಪ್ಪಿಸಿ ಪಾಸಾಗಿದ್ದೆ.

ನಾಲ್ಕು ಗಂಟೆಗೆ ಇವರು ಬಂದರು. ಬಾಗಿಲಲ್ಲೇ ನಿಲ್ಲಿಸಿ ಎಲ್ಲವನ್ನೂ ಹೇಳಿದೆ.

"ಬೇಡ ಅಂದಿದ್ನಲ್ಲ" ಎಂದರು.

"ನಿಮಗೆ ಬೇಡ. ಅವರಿಗೆ ಬೇಕು. ಮಾತಿಲ್ಲದೋರು ಮೂರು ವಾರದಿಂದ ಕೇಳ್ತಿದ್ದಾರೆ ರೀ."

"ನನ್ನ ಅಮ್ಮ ಅವಳು."

"ನನಗೆ ಮಾತ್ರ ಯಾರು? ಹೋಗಿ ಅವರನ್ನೇ ಕೇಳಿ. ಒಂದು ಕುಟ್ಟಿದ್ರೆ ಹೌದು."

ಇವರು ಒಳಗೆ ಹೋಗಲಿಲ್ಲ. ಹಣೆಯ ಮೇಲೆ ಇನ್ನೂ ಹೊಳೆಯುತ್ತಿದ್ದ ಎಣ್ಣೆಯನ್ನು ಬಾಗಿಲಿಂದಲೇ ನೋಡಿ, ವ್ಯಾನಿನ ಕೀಲಿ ತೆಗೆದುಕೊಂಡು ಹೊರಟರು. ವ್ಯಾನು ಬೀದಿ ದಾಟಿದ ಸದ್ದು ಕೇಳಿತು. ಹೇಡಿ ಎಂದುಕೊಂಡೆ. ಜೋರಾಗಿಯೇ ಅಂದೆನೇನೋ, ಲಾಯರು ನನ್ನ ಮುಖ ನೋಡಿದಳು. ಚಪ್ಪಲಿ ಮೆಟ್ಟಿ, ಫಾದರನ್ನು ನಾನೇ ಕರೆತರುತ್ತೇನೆಂದು ಮೆಟ್ಟಿಲಿಳಿದೆ.

ಬೀದಿಯ ತಿರುವಿನಲ್ಲಿ ವ್ಯಾನು ಎದುರಾಯಿತು. ಮುಂದಿನ ಸೀಟಿನಲ್ಲಿ ಫಾದರ್, ಮಡಿಲಲ್ಲಿ ಒಂದು ಬಿಸ್ಕತ್ತಿನ ಪೆಟ್ಟಿಗೆ. ಸೀಟು ಖಾಲಿ ಮಾಡಲೂ ಇವರಿಗೆ ವ್ಯವಧಾನವಿರಲಿಲ್ಲ.

ಫಾದರ್ ಮಿಷನ್ ಎಣ್ಣೆಯ ವಾಸನೆ ಹಿಡಿದು ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ಹತ್ತಿಯಿಂದ ಒರೆಸಿ ತಮ್ಮ ಎಣ್ಣೆ ಹಚ್ಚಿದರು. ಎಡಗೈ ತಾನೇ ಚಮಚ ಬಿಟ್ಟು ಮೇಲ್ಮುಖವಾಗಿ ತೆರೆದುಕೊಂಡಿತು. ಬಲಗೈ ಮುಷ್ಟಿ. ಅಲ್ಲಿಯವರೆಗೆ ಗೋಡೆಗೆ ಅಂಟಿ ನಿಂತಿದ್ದ ಇವರು ಮುಂದೆ ಬಂದು ಬೆರಳುಗಳನ್ನು ಎಳೆಯತೊಡಗಿದರು. ಎಳೆಯುತ್ತಾ ಅಳುತ್ತಿದ್ದರು.

"ಎಳೀಬೇಡಿ. ಮಣಿಕಟ್ಟು ಬಗ್ಗಿಸಿ. ಮೆಲ್ಲಗೆ" ಎಂದು ಅವರ ಕೈ ಮೇಲೆ ನನ್ನ ಕೈಯಿಟ್ಟು ತೋರಿಸಿದೆ.

ಅಂಗೈ ಬಿಚ್ಚಿಕೊಂಡಿತು. ಫಾದರ್ ಎಣ್ಣೆ ಹಚ್ಚಿದರು. ಅಮ್ಮ ಕಣ್ಣು ಮುಚ್ಚಲಿಲ್ಲ, ಮಗನನ್ನೇ ನೋಡುತ್ತಿದ್ದರು.

ಗೋಡೆಯ ಗಡಿಯಾರದ ಕಡೆಗೇ ಇವರ ಕಣ್ಣು. ಒಂದು ಗಂಟೆ ಕಳೆಯಿತು. ಅಮ್ಮ ಗಂಜಿ ಪೂರ್ತಿ ಕುಡಿದರು.

ಮಾರ್ಚ್ 29, ಭಾನುವಾರ

ಇವರು ಮಂಚದ ಪಕ್ಕ ಕೂತಿದ್ದರು. ಹದಿನೈದು ದಿನದ ಮಾತು ಎತ್ತಲಿಲ್ಲ. ಸುಮ್ಮನೆ ಬಿಸ್ಕತ್ತಿನ ರೂಟಿನ ಸುದ್ದಿ ಹೇಳಿದರು. ಅಮ್ಮ ಒಂದು ಸಲವೂ ಎರಡು ಕುಟ್ಟಲಿಲ್ಲ.

ಏಪ್ರಿಲ್ 11, ಶನಿವಾರ

ಬಹಳ ದಿನ ಬರೆಯಲಿಲ್ಲ. ಕೂತರೆ ಕೂರಲು ಆಗುತ್ತಿದೆ, ಹಾಗಾಗಿ ಹೊಲಿಗೆಯ ಬಾಕಿ ಕೆಲಸ ಹಿಡಿದಿದ್ದೆ.

ಅಮ್ಮ ಹಾಗೇ ಇದ್ದಾರೆ. ಬಲಗೈ ಬಂದಿಲ್ಲ, ಮಾತೂ ಬಂದಿಲ್ಲ. ಡಾಕ್ಟರು ಅದೇ ನಾಳೆ, ಅದೇ ಎರಡು ವರ್ಷ ಅನ್ನುತ್ತಾರೆ. ಪರದೆ ಕಳಚಿಹಾಕಿದೆವು, ಪಾಠ ಈಗ ಮಂಚದ ಬಳಿಯೇ.

ಇವತ್ತು ಫಾದರ್ ಪರೀಕ್ಷೆಗೆ ಬಂದರು. "ಟೀಚರಮ್ಮ ಇರುವಾಗ ನಾನ್ಯಾಕೆ? ನಾನು ಪ್ರಶ್ನೆ ಕೇಳ್ತೀನಿ, ಅಂಕ ಅವರು ಕೊಡಲಿ" ಎಂದು ಕುರ್ಚಿ ಎಳೆದುಕೊಂಡರು. ಲಾಯರು ಹತ್ತೊಂಬತ್ತು ಪ್ರಶ್ನೆಗೆ ಹತ್ತೊಂಬತ್ತು ಒಂಟಿ ಕುಟ್ಟು ಗಿಟ್ಟಿಸಿದಳು. ಐದನೆಯ ಸಂಸ್ಕಾರದ ಪುಟವನ್ನು ಬೆಳಕಿಗೆ ಹಿಡಿದು, "ಫಾದರ್, ಇದರಲ್ಲಿ ಮಾತ್ರ ಸುತ್ತಲೂ ತೂತು ಯಾಕೆ ಗೊತ್ತಾ?" ಎಂದು ಶುರು ಮಾಡಿದಾಗ ನಾನು ಚಹಾ ತರಲು ಎದ್ದೆ.

ಚಮಚ ಬಡಿಯಿತು. ತಿರುಗಿದೆ. ಅಮ್ಮ ಚಮಚದ ತುದಿಯನ್ನು ನನ್ನತ್ತ ಚಾಚಿದ್ದರು.

"ನಿನ್ನ ಸರದಿಯಂತಮ್ಮ" ಎಂದಳು ಲಾಯರು. ಪುಸ್ತಕ ನೋಡದೆಯೇ ಕೇಳಿದಳು, "ಐದನೆಯ ಸಂಸ್ಕಾರ ಯಾರಿಗೆ?"

ಬಾಗಿಲಲ್ಲಿ ನಿಂತಿದ್ದ ಇವರು ನಕ್ಕರು. ಹದಿಮೂರು ವರ್ಷದ ಹಿಂದೆ ನಿಂತಿದ್ದ ಹಾಗೆಯೇ ಕೈಕಟ್ಟಿ ನಿಂತೆ. ಗಿಣಿಪಾಠದ ಉತ್ತರ ನೆನಪಿಗೆ ಬರಲಿಲ್ಲ.

"ಕಾಹಿಲೆಯವರಿಗೆ" ಎಂದೆ. "ಅವರ ಮನೆಯವರಿಗೂ."

ಪುಸ್ತಕದಲ್ಲಿ ಹಾಗಿಲ್ಲ. ಹೇಳಿದ ಮೇಲೆಯೇ ಗೊತ್ತಾದದ್ದು.

ಟಣ್.

ಎರಡನೆಯದಕ್ಕೆ ಕಾದು ನಿಂತೆ. ಅಮ್ಮ ಬಾಯಿಯ ಎಡತುದಿಯಲ್ಲಿ ನಗುತ್ತಾ ಚಮಚವನ್ನು ಹೊದಿಕೆಯ ಮೇಲಿಟ್ಟು ಕೈ ತೆಗೆದರು.